ಎಲ್‌ಇಡಿಯ ತಲೆ ತೇಯ್ದು ಹೊಳಪು ಕೊಡುವುದು: ಫೈಬರ್ ಜೋಡಿಸುವವರಿಗಾಗಿ

ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ ತುದಿಯನ್ನು ಮಾಮೂಲಿ 5 ಮಿ.ಮೀ. ಎಲ್‌ಇಡಿಯ ಗುಂಡು ತಲೆಗೆ ಒತ್ತಿ ಹಿಡಿದರೆ, ಆಚೆ ತುದಿಯಲ್ಲಿ ಬರುವ ಬೆಳಕು ತೀರಾ ಕಡಿಮೆ. ಎಲ್‌ಇಡಿ ಮಂದವಾಗಿದೆ ಎಂದುಕೊಂಡು ಹೆಚ್ಚು ಪ್ರಖರವಾದದ್ದನ್ನು ತಂದು ಹಾಕಿದರೂ ಪರಿಸ್ಥಿತಿ ಅಷ್ಟೇನೂ ಸುಧಾರಿಸುವುದಿಲ್ಲ. ಬೆಳಕು ಹುಟ್ಟುವ ಚಿಪ್ ಗುಮ್ಮಟದ ತುದಿಯಿಂದ ನಾಲ್ಕೈದು ಮಿಲಿಮೀಟರ್ ಕೆಳಗೆ ಕೂತಿರುತ್ತದೆ. ಅಲ್ಲಿಂದ ಮೇಲೆ ಬರುವಷ್ಟರಲ್ಲಿ ಬೆಳಕು ತಲೆಯ ಅಗಲಕ್ಕೆಲ್ಲ ಹರಡಿರುತ್ತದೆ. ತಲೆಯ ಅಡ್ಡಗಲ 5, ಫೈಬರಿನದು 1. ವಿಸ್ತೀರ್ಣದ ಲೆಕ್ಕದಲ್ಲಿ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ ಫೈಬರಿನ ಪಾಲಿಗೆ.

ಇದಕ್ಕೆ ದಾರಿ ಎಂದರೆ ಗುಮ್ಮಟವನ್ನು ತೇಯ್ದು ತೆಗೆದು, ಚಿಪ್‌ನ ಹತ್ತಿರಕ್ಕೆ ಒಂದು ಸಪಾಟಾದ, ಗಾಜಿನಂಥ ಮುಖ ಮಾಡಿ, ಅಲ್ಲಿ ಫೈಬರ್ ಕೂರಿಸುವುದು. ಮೆಷಿನ್ ಬೇಡ. ಗಾಜಿನ ತುಂಡು, ನಾಲ್ಕು ಬಗೆಯ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ), ಒಂದು ಅಲ್ಯೂಮಿನಿಯಂ ಪಟ್ಟಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇದ್ದರೆ ಅಡುಗೆಮನೆ ಸಿಂಕಿನ ಪಕ್ಕದಲ್ಲೇ ಮಾಡಬಹುದು. ಆದರೆ ಎಷ್ಟು ತೇಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಪೇಪರ್ ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನಿಸಿಕೊಂಡಿರಬೇಕು. ಹಾಳಾಗುವ ಎಲ್‌ಇಡಿಗಳಲ್ಲಿ ಹೆಚ್ಚಿನವು ಹಾಳಾಗುವುದು ಇಲ್ಲಿಯೇ.

ಮೊದಲು ಒಳಗೆ ಏನಿದೆ ನೋಡಿ. ನೀರಿನಂತೆ ಪಾರದರ್ಶಕವಾದ ಎಲ್‌ಇಡಿಯನ್ನು ಬೆಳಕಿಗೆ ಅಡ್ಡ ಹಿಡಿದರೆ ಎರಡು ಕಾಲುಗಳು ಮೇಲೇರಿ ಬಂದಿರುವುದು ಕಾಣುತ್ತದೆ. ಅಗಲವಾದ ಕಾಲಿನ ತುದಿಯಲ್ಲೊಂದು ಪುಟ್ಟ ಬಟ್ಟಲು, ಬಟ್ಟಲಿನ ತಳದಲ್ಲಿ ಕಾಲು ಮಿಲಿಮೀಟರ್ ಆಸುಪಾಸಿನ ಚೌಕ ಚಿಪ್. ಆ ಚಿಪ್‌ನ ನೆತ್ತಿಯಿಂದ ಒಂದು ತಂತಿ ಕಮಾನಿನಂತೆ ಎದ್ದು ಇನ್ನೊಂದು ಕಾಲಿನ ಮೇಲೆ ಇಳಿಯುತ್ತದೆ. ಈ ತಂತಿಯ ದಪ್ಪ ಸುಮಾರು 25 ಮೈಕ್ರಾನ್, ತಲೆಗೂದಲಿಗಿಂತ ತೆಳು. ತೇಯುವಾಗ ಮೊದಲು ಸಿಗುವುದು ಚಿಪ್ ಅಲ್ಲ, ಈ ಕಮಾನಿನ ನೆತ್ತಿ. ಪೇಪರ್ ಅದನ್ನು ಮುಟ್ಟಿತೆಂದರೆ ಎಲ್‌ಇಡಿ ಮುಗಿದ ಹಾಗೆ. ಆದ್ದರಿಂದ ಅಳತೆಯನ್ನೆಲ್ಲ ತಂತಿಯ ನೆತ್ತಿಯಿಂದ ಹಿಡಿಯಬೇಕು, ಬಟ್ಟಲಿನ ಅಂಚಿನಿಂದಲ್ಲ.

ಅಳೆಯುವಾಗ ಕಣ್ಣು ಮೋಸ ಹೋಗುತ್ತದೆ. ಎಲ್‌ಇಡಿಯ ಮೈ ಎಪಾಕ್ಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ಅದರ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಹತ್ತಿರಹತ್ತಿರ 1.5. ಚಪ್ಪಟೆಯಾದ ಮುಖದ ಮೇಲಿನಿಂದ ನೋಡಿದರೆ 2 ಮಿ.ಮೀ. ಆಳದಲ್ಲಿರುವ ಚಿಪ್ 1.3 ಮಿ.ಮೀ. ಆಳದಲ್ಲಿದ್ದಂತೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಕೊಳವೆಯಾಕಾರದ ಮೈ ಅಡ್ಡಗಲವನ್ನು ಒಂದೂವರೆ ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಆದರೆ ಉದ್ದಕ್ಕೆ ಹಿಗ್ಗಿಸುವುದಿಲ್ಲ. ಹಾಗಾಗಿ ಎಲ್‌ಇಡಿಯನ್ನು ಮಲಗಿಸಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದು, ಬುಡದಿಂದ ತಂತಿಯ ನೆತ್ತಿಯವರೆಗಿನ ಎತ್ತರವನ್ನು ಫೋಟೋದಲ್ಲೇ ಲೆಕ್ಕ ಹಾಕುವುದು ನಂಬಬಹುದಾದ ದಾರಿ. ಮೊಬೈಲ್ ಓರೆಯಾದರೆ ಲೆಕ್ಕವೂ ಓರೆ. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲೂ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ನಾಲ್ಕೈದನ್ನು ಅಳೆದು, ಅದರಲ್ಲಿ ಹೆಚ್ಚು ಎತ್ತರದ್ದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎಷ್ಟು ಹತ್ತಿರ ಹೋಗಬೇಕು? ಹತ್ತಿರ ಹೋದಷ್ಟೂ ಬೆಳಕು ಹೆಚ್ಚು ಎಂಬ ನಂಬಿಕೆ ಒಂದು ಹಂತದವರೆಗೆ ಮಾತ್ರ ನಿಜ. ಸಾಮಾನ್ಯ ಪ್ಲಾಸ್ಟಿಕ್ ಫೈಬರಿನ ನ್ಯೂಮರಿಕಲ್ ಅಪರ್ಚರ್, ಅಂದರೆ ಎಷ್ಟು ಓರೆಯ ಕಿರಣವನ್ನು ಹಿಡಿಯಬಲ್ಲದೆಂಬ ಅಳತೆ, 0.5. ಗಾಳಿಯಲ್ಲಾದರೆ ಅದು ಅಕ್ಷದಿಂದ 30 ಡಿಗ್ರಿಯೊಳಗಿನ ಕಿರಣಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಪಾಕ್ಸಿಯೊಳಗಿನ ಲೆಕ್ಕಕ್ಕೆ ಅದೇ ಕೋನ ಸುಮಾರು 19.5 ಡಿಗ್ರಿ. ಫೈಬರಿನ ತ್ರಿಜ್ಯ ಅರ್ಧ ಮಿಲಿಮೀಟರ್ ಆದ್ದರಿಂದ, ಚಿಪ್‌ನಿಂದ 1.4 ಮಿ.ಮೀ. ದೂರದಲ್ಲಿ ಫೈಬರಿನ ಅಂಚಿಗೆ ತಾಗುವ ಕಿರಣ ಸರಿಯಾಗಿ ಈ ಕೋನದಲ್ಲಿರುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಹೆಚ್ಚಿನ ಕಿರಣಗಳೇನೋ ಮುಖಕ್ಕೆ ತಾಗುತ್ತವೆ, ಆದರೆ ಫೈಬರ್ ಅವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಪಕ್ಕದಿಂದ ಸೋರಿ ಹೋಗುತ್ತವೆ. ಚಿಪ್ಪನ್ನು ಒಂದು ಬಿಂದು ಎಂದು ಭಾವಿಸಿದ ಲೆಕ್ಕ ಇದು. ಬಟ್ಟಲಿನ ಗೋಡೆಯಿಂದ ಪ್ರತಿಫಲಿಸುವ ಬೆಳಕಿನಿಂದಾಗಿ ನಿಜದಲ್ಲಿ ಗೆರೆ ಇಷ್ಟು ಖಚಿತವಾಗಿರುವುದಿಲ್ಲ. ಆದರೂ ಚಿಪ್‌ನಿಂದ ಒಂದೂವರೆ ಮಿಲಿಮೀಟರಿಗೆ ನಿಲ್ಲಿಸಿದರೆ ಸಿಗಬೇಕಾದ ಲಾಭದ ಬಹುಪಾಲು ಸಿಕ್ಕಿರುತ್ತದೆ. ಉಳಿದ ಚೂರು ಲಾಭಕ್ಕಾಗಿ ತಂತಿಯನ್ನು ಅಪಾಯಕ್ಕೆ ಒಡ್ಡುವುದು ಖಂಡಿತ ಬೇಡ. ತಂತಿಯ ನೆತ್ತಿಯ ಮೇಲೆ ಒಂದು ಮಿಲಿಮೀಟರ್ ಎಪಾಕ್ಸಿ ಉಳಿಸುವುದು ನಾನು ಪಾಲಿಸುವ ನಿಯಮ. ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ ಕಡೆಗೆ ಬರುತ್ತವೆ.

ತೇಯಲು ತಗೊಳ್ಳುವ ಎಲ್‌ಇಡಿ ಪಾರದರ್ಶಕವಾಗಿರಲಿ. ಹಾಲುಬಣ್ಣದ ಅಥವಾ ಬಣ್ಣದ ಮಸುಕು ಮೈಯ ಎಲ್‌ಇಡಿಯಲ್ಲಿ ಬೆಳಕು ಚದುರಿಸುವ ಪುಡಿಯನ್ನು ಎಪಾಕ್ಸಿಯಲ್ಲೇ ಬೆರೆಸಿರುತ್ತಾರೆ. ಎಷ್ಟು ಹೊಳಪು ಕೊಟ್ಟರೂ ಅದು ತಿಳಿಯಾಗುವುದಿಲ್ಲ. ಬಿಳಿ ಎಲ್‌ಇಡಿಯ ಬಟ್ಟಲಿನಲ್ಲಿ ನೀಲಿ ಬೆಳಕನ್ನು ಬಿಳಿಯಾಗಿಸುವ ಹಳದಿ ಪುಡಿ, ಫಾಸ್ಫರ್, ತುಂಬಿರುತ್ತದೆ. ಅದನ್ನು ಮುಟ್ಟದೆ ಮೇಲಿನ ಎಪಾಕ್ಸಿಯನ್ನಷ್ಟೇ ತೇಯಲು ಅಡ್ಡಿಯಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿಯೂ ಸಿಗುತ್ತವೆ. ಒಂದೇ ತಯಾರಿಯ ಹತ್ತಿಪ್ಪತ್ತು ಒಟ್ಟಿಗೆ ಕೊಳ್ಳುವುದು ಜಾಣತನ, ಅಳತೆ ಒಮ್ಮೆ ಮಾಡಿದರೆ ಎಲ್ಲಕ್ಕೂ ಸಾಕಾಗುತ್ತದೆ.

ಈಗ ಹಿಡಿಕೆ. ಬೆರಳಿನಲ್ಲಿ ಹಿಡಿದು ತೇಯ್ದರೆ ಮುಖ ಓರೆಯಾಗುತ್ತದೆ, ಅಷ್ಟೇ ಅಲ್ಲ ಉಬ್ಬುತ್ತದೆ. 5 ಮಿ.ಮೀ. ದಪ್ಪ, 40 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿಯ ಚೌಕ ತುಂಡಿನ ನಡುವೆ, ಡ್ರಿಲ್ ಸ್ಟ್ಯಾಂಡಿನಲ್ಲಿ ನೆಟ್ಟಗೆ 5 ಮಿ.ಮೀ. ತೂತು ಕೊರೆಯಿರಿ. ಎಲ್‌ಇಡಿಯನ್ನು ಹಿಂದಿನಿಂದ ತೂರಿಸಿದರೆ ಬುಡದ ಅಗಲವಾದ ಅಂಚು ಪಟ್ಟಿಗೆ ತಾಗಿ ನಿಲ್ಲುತ್ತದೆ. ಎಲ್‌ಇಡಿಯ ಒಟ್ಟು ಎತ್ತರ ಸುಮಾರು 8.6, ಬುಡದಂಚಿನ ದಪ್ಪ ಸುಮಾರು 1. ಅಂದರೆ ಮುಂದೆ 2.6 ಮಿ.ಮೀ. ಚಾಚಿಕೊಂಡಿರುತ್ತದೆ. ಗುಮ್ಮಟದ ತ್ರಿಜ್ಯವೇ 2.5 ಆದ್ದರಿಂದ, ಪಟ್ಟಿಯ ಮಟ್ಟಕ್ಕೆ ತೇಯ್ದರೆ ಗುಮ್ಮಟ ಪೂರ್ತಿ ಹೋಗಿ 6 ಮಿ.ಮೀ. ಎತ್ತರ ಉಳಿಯುತ್ತದೆ. ಇದು ನಿಮ್ಮ ಅಳತೆಗೆ ಹೊಂದುತ್ತದೆಯೇ ನೋಡಿಕೊಳ್ಳಿ. ತಂತಿಯ ನೆತ್ತಿ ಬುಡದಿಂದ 5 ಮಿ.ಮೀ.ಗಿಂತ ಮೇಲಿದ್ದರೆ ದಪ್ಪನೆಯ ಪಟ್ಟಿ ಬೇಕು. ತೂತಿನ ಅಂಚಿನ ಚೂಪನ್ನು ತೆಗೆದುಬಿಡಿ, ಇಲ್ಲವಾದರೆ ಎಲ್‌ಇಡಿ ಸರಿಯಾಗಿ ಕೂರುವುದಿಲ್ಲ. ಸಡಿಲವಾದರೆ ಮೈಗೆ ಒಂದು ಸುತ್ತು ಸೆಲ್ಲೋಟೇಪ್, ಹಿಂದಿನಿಂದ ಇನ್ಸುಲೇಷನ್ ಟೇಪ್.

ಇಲ್ಲೊಂದು ಉಪಾಯ ಸೇರಿಸಬೇಕು. ಒರಟು ಪೇಪರಿನಲ್ಲೇ ಪಟ್ಟಿಯ ಮಟ್ಟ ಮುಟ್ಟಿಬಿಟ್ಟರೆ ನಯ ಪೇಪರಿಗೆ ತೆಗೆಯಲು ಏನೂ ಉಳಿಯುವುದಿಲ್ಲ. ಅಲ್ಲದೆ ಅಲ್ಯೂಮಿನಿಯಂನ ಬೂದು ಪುಡಿ ನಯ ಪೇಪರಿಗೆ ಮೆತ್ತಿಕೊಂಡು ಗೀರು ಹಾಕುತ್ತದೆ. ಅದಕ್ಕೆ ಓಎಚ್‌ಪಿ ಹಾಳೆಯಿಂದ (ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಎರಡು ವಾಷರ್ ಕತ್ತರಿಸಿ ಬುಡದಂಚಿಗೂ ಪಟ್ಟಿಗೂ ನಡುವೆ ಹಾಕಿ. ಒಂದೊಂದು ಹಾಳೆ 0.1 ಮಿ.ಮೀ. ಇರುತ್ತದೆ. ವಾಷರ್ ಇಟ್ಟೇ ಒರಟು ಕೆಲಸ ಮುಗಿಸಿ. ಆಮೇಲೆ ವಾಷರ್ ತೆಗೆದರೆ ಎಲ್‌ಇಡಿ 0.2 ಮಿ.ಮೀ. ಮುಂದೆ ಬರುತ್ತದೆ. ನಯ ಕೆಲಸಕ್ಕೆ ಬೇಕಾದ ಬಂಡವಾಳ ಅದೇ.

ವಾಟರ್ ಪೇಪರ್ ಕಾರಿಗೆ ಪೇಂಟ್ ಮಾಡುವ ಸಾಮಾನಿನ ಅಂಗಡಿಯಲ್ಲಿ 2000 ನಂಬರಿನವರೆಗೂ ಸಿಗುತ್ತದೆ. ಪಿ400ರ ಕಣ ಸುಮಾರು 35 ಮೈಕ್ರಾನ್, ಪಿ800ರದು 22, ಪಿ1500ರದು 12.6, ಪಿ2000ರದು 10. ನಂಬರಿನ ಹಿಂದೆ ಪಿ ಅಕ್ಷರ ಇರುವುದನ್ನೇ ನಾಲ್ಕೂ ತಗೊಳ್ಳಿ. ಬೇರೆ ಪದ್ಧತಿಯ ನಂಬರುಗಳು ಇದಕ್ಕೆ ಹೊಂದುವುದಿಲ್ಲ. ದಪ್ಪ ಗಾಜಿನ ಮೇಲೆ ನೀರು ಚಿಮುಕಿಸಿ ಪೇಪರ್ ಹಾಸಿದರೆ ತಾನೇ ಅಂಟಿ ಕೂರುತ್ತದೆ. ಮೇಲೆ ನೀರು, ಒಂದೇ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್.

ಒಣಗಿದ ಪೇಪರಿನಲ್ಲಿ ತೇಯಬಾರದು. ಎಪಾಕ್ಸಿ ಬಿಸಿಯಾದರೆ ಮೆತ್ತಗಾಗುತ್ತದೆ, ಪುಡಿಯಾಗುವ ಬದಲು ಮೇಣದಂತೆ ಸವರಿಕೊಂಡು ಪೇಪರನ್ನು ಮುಚ್ಚಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಸಿಗೆ ಎಪಾಕ್ಸಿ ಹಿಗ್ಗಿ ಒಳಗಿನ ತಂತಿಯನ್ನು ಎಳೆಯುತ್ತದೆ. ಡ್ರಿಲ್ಲಿಗೋ ಡ್ರೆಮೆಲ್ ಎಂಬ ಪುಟ್ಟ ಕೈಮೆಷಿನ್ನಿಗೋ ಸಿಕ್ಕಿಸಿ ತೇಯ್ದ ಎಲ್‌ಇಡಿಗಳು ಸಾಯುವುದು ಹೆಚ್ಚಾಗಿ ಇದರಿಂದಲೇ. ಒದ್ದೆಯಾಗಿ ತೇಯುವುದರಿಂದ ಪುಡಿ ಗಾಳಿಗೆ ಏಳದಿರುವುದೂ ಒಂದು ಲಾಭ.

ಪಿ400ರ ಮೇಲೆ ಪಟ್ಟಿಯನ್ನು ಹಗುರಾಗಿ ಒತ್ತಿ ಎಂಟರ ಅಂಕಿಯಂತೆ ಓಡಿಸಿ. ಗಂಧ ತೇಯುವ ಹಾಗೆ ಒಂದೇ ಸುತ್ತು ಸುತ್ತಿದರೆ ಒಂದು ಅಂಚೇ ಹೆಚ್ಚು ಸವೆಯುತ್ತದೆ. ಮೊದಮೊದಲು ತೇಯುವಾಗ ಪಟ್ಟಿ ನೆಲ ಮುಟ್ಟಿರುವುದಿಲ್ಲ, ಗುಮ್ಮಟದ ತುದಿಯ ಮೇಲೆ ಓಲಾಡುತ್ತದೆ. ಹಾಗಾಗಿ ಪಟ್ಟಿಯ ಮೂರು ಮೂಲೆಗೆ ಎಲ್‌ಇಡಿಯ ಚಾಚಿಗೆ ಸಮವಾಗುವಂತೆ ಸ್ಕ್ರೂ ತಿರುಗಿಸಿ ಕಾಲು ಕೊಡಬಹುದು. ಅಷ್ಟು ಬೇಡವೆಂದರೆ ಚಪ್ಪಟೆ ಬಿಲ್ಲೆ ಎಲ್ಲಿ ಮೂಡುತ್ತಿದೆ ಎಂದು ನೋಡುತ್ತ ಹೋಗಿ. ಗುಮ್ಮಟ ಗೋಳದ ಅರ್ಧ ಆದ್ದರಿಂದ ಬಿಲ್ಲೆಯ ಅಡ್ಡಗಲವೇ ಆಳ ಹೇಳುತ್ತದೆ. ಬಿಲ್ಲೆ 3 ಮಿ.ಮೀ. ಆದಾಗ ತೆಗೆದದ್ದು ಅರ್ಧ ಮಿ.ಮೀ., 4 ಮಿ.ಮೀ. ಆದಾಗ ಒಂದು ಮಿ.ಮೀ., 4.9 ಆದಾಗ ಎರಡು. ಬಿಲ್ಲೆ ನಡುವಿನಿಂದ ಸರಿದಿದ್ದರೆ ಮುಖ ಓರೆ ಎಂದರ್ಥ. ಬಿಲ್ಲೆ ಚಿಕ್ಕದಿರುವಾಗಲೇ ಇದನ್ನು ತಿದ್ದಬೇಕು, 4 ಮಿ.ಮೀ. ದಾಟಿದ ಮೇಲೆ ತಿದ್ದಲು ಜಾಗ ಇರುವುದಿಲ್ಲ. ಆಗಾಗ ವರ್ನಿಯರಿನಲ್ಲಿ ಒಟ್ಟು ಎತ್ತರ ನೋಡುತ್ತಿರಿ. ಕಾಲುಗಳನ್ನು ಹಿಡಿದು ಒತ್ತಬೇಡಿ, ಬಲವೆಲ್ಲ ಪಟ್ಟಿಯ ಮೇಲೆ ಬೀಳಲಿ.

ಮಟ್ಟ ಮುಟ್ಟಿದ ಮೇಲೆ ವಾಷರ್ ತೆಗೆದು, ಎಲ್ಲವನ್ನೂ ಹರಿಯುವ ನೀರಿನಲ್ಲಿ ತೊಳೆದು ಪಿ800ಕ್ಕೆ ಬನ್ನಿ. ಈ ಕೆಲಸದ ಜೀವಾಳ ಇರುವುದು ಇಲ್ಲಿ. ಪ್ರತಿಯೊಂದು ಪೇಪರಿಗೂ ಇರುವುದು ಒಂದೇ ಕೆಲಸ: ಹಿಂದಿನ ಪೇಪರಿನ ಗೀರನ್ನು ಬುಡಸಮೇತ ತೆಗೆಯುವುದು. ಗೀರಿನ ಕೆಳಗೆ ಎಪಾಕ್ಸಿ ಇನ್ನಷ್ಟು ಆಳದವರೆಗೆ ಬಿರುಕು ಬಿಟ್ಟಿರುತ್ತದೆ. ಹಾಗಾಗಿ ಹಿಂದಿನ ಕಣದ ಗಾತ್ರದ ಎರಡು ಮೂರು ಪಟ್ಟು ತೆಗೆಯಬೇಕು ಎಂದಿಟ್ಟುಕೊಳ್ಳಿ. ಪಿ800ರಲ್ಲಿ 0.1 ಮಿ.ಮೀ., ಪಿ1500ರಲ್ಲಿ 0.05, ಪಿ2000ರಲ್ಲಿ 0.03. ಒಟ್ಟು 0.18. ವಾಷರ್ ತೆಗೆದು ಗಳಿಸಿದ 0.2ರಲ್ಲಿ ಇದು ಮುಗಿಯುತ್ತದೆ.

ಗೀರು ಹೋಗಿದೆಯೇ ಎಂದು ತಿಳಿಯಲು ಪ್ರತಿ ಪೇಪರಿನಲ್ಲೂ ದಿಕ್ಕು ಬದಲಿಸಿ. ಒಂದು ಪೇಪರಿನ ಕೊನೆಯಲ್ಲಿ ನಾಲ್ಕು ಸಲ ನೇರ ಉದ್ದಕ್ಕೆ ಎಳೆದು ಗೀರುಗಳನ್ನು ಒಂದೇ ದಿಕ್ಕಿಗೆ ಮಾಡಿ, ಮುಂದಿನ ಪೇಪರಿನಲ್ಲಿ ಅಡ್ಡಕ್ಕೆ ಎಳೆಯಿರಿ. ಲೂಪಿನಲ್ಲಿ ಹಳೆ ದಿಕ್ಕಿನ ಒಂದು ಗೆರೆ ಕಂಡರೂ ಮುಂದೆ ಹೋಗಬೇಡಿ. ನೋಡುವಾಗ ಮುಖ ಪೂರ್ತಿ ಒಣಗಿರಲಿ. ನೀರಿನ ವಕ್ರೀಭವನಾಂಕ 1.33, ಎಪಾಕ್ಸಿಯದ್ದಕ್ಕೆ ಹತ್ತಿರ. ಒದ್ದೆಯಿದ್ದರೆ ನೀರು ಗೀರುಗಳನ್ನು ತುಂಬಿ, ಪಿ400ರ ಮುಖವೂ ಗಾಜಿನಂತೆ ಕಾಣುತ್ತದೆ. ಇದೇ ಗುಣವನ್ನು ಇನ್ನೊಂದಕ್ಕೆ ಬಳಸಿಕೊಳ್ಳಬಹುದು: ಒರಟು ಹಂತದಲ್ಲಿ ತಂತಿ ಎಲ್ಲಿದೆ ನೋಡಬೇಕೆಂದರೆ ಮುಖಕ್ಕೊಂದು ಹನಿ ನೀರು ಬಿಟ್ಟು ನೋಡಿ.

ಕೊನೆಯ ಹೊಳಪಿಗೆ 3 ಮೈಕ್ರಾನಿನ ಅಲ್ಯೂಮಿನಾ ಲ್ಯಾಪಿಂಗ್ ಫಿಲ್ಮ್ (ಹೊಳಪು ಕೊಡುವ ಅತಿ ನಯ ಹಾಳೆ) ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಗಾಜಿನ ಮೇಲೆ ಹಾಸಿ, ಎರಡು ಹನಿ ನೀರು ಹಾಕಿ, ತೂಕವನ್ನೇ ಹಾಕದೆ ಓಡಿಸಿ. ಫಿಲ್ಮ್ ಇಲ್ಲದಿದ್ದರೆ ಹಿತ್ತಾಳೆ ಉಜ್ಜುವ ಬ್ರಾಸೋ ಅಥವಾ ಕಾರಿನ ನಯ ಪಾಲಿಶ್ ನಡೆಯುತ್ತದೆ. ಆದರೆ ಅದನ್ನು ಬಟ್ಟೆಗೆ ಹಚ್ಚಬೇಡಿ. ಮೆತ್ತನೆಯ ಬಟ್ಟೆ ಮುಖದೊಳಕ್ಕೆ ಉಬ್ಬಿ ಅಂಚನ್ನು ದುಂಡಗೆ ಮಾಡುತ್ತದೆ. ಪ್ರಿಂಟರಿಗೆ ಹಾಕುವ ಎ4 ಹಾಳೆಯನ್ನು ಗಾಜಿನ ಮೇಲೆ ಬಿಗಿಯಾಗಿ ಅಂಟಿಸಿ ಅದರ ಮೇಲೆ ತೆಳುವಾಗಿ ಹಚ್ಚಿ. ಹಾಳೆ ಹರಿಯುವ ಮೊದಲೇ ಬದಲಿಸಿ. ಬ್ರಾಸೋದಲ್ಲಿ ಅಮೋನಿಯಾ ಇರುವುದರಿಂದ ಕಿಟಕಿ ತೆರೆದಿಟ್ಟು, ಮುಗಿದ ಕೂಡಲೇ ಎಲ್‌ಇಡಿಯನ್ನು ಸೋಪಿನ ನೀರಿನಲ್ಲಿ ತೊಳೆದು ಕಾಲುಗಳನ್ನು ಒರೆಸಿ. ಕಾಲುಗಳು ಸಾಮಾನ್ಯವಾಗಿ ತವರ ಹಚ್ಚಿದ ಕಬ್ಬಿಣ, ಒದ್ದೆ ಬಿಟ್ಟರೆ ಕತ್ತರಿಸಿದ ತುದಿಯಲ್ಲಿ ತುಕ್ಕು ಬರುತ್ತದೆ.

ಹೊಳಪು ಬಂದಂತೆ ಕಂಡರೂ ಓರೆ ಬೆಳಕಿನಲ್ಲಿ ಮಂಜಿನಂತೆ ಬಿಳಿಚು ಕಾಣುತ್ತಿದ್ದರೆ, ಪಾಲಿಶ್ ಮುಂದುವರಿಸಿ ಪ್ರಯೋಜನವಿಲ್ಲ. ಅದು ಪಿ400 ಇಲ್ಲವೇ ಪಿ800ರ ಉಳಿಕೆ. ಎರಡು ಪೇಪರ್ ಹಿಂದಕ್ಕೆ ಹೋಗಲೇಬೇಕು. ಮುಖವೆಲ್ಲ ಚೆನ್ನಾಗಿದ್ದು ಒಂದೇ ಒಂದು ಉದ್ದ ಗೀರು ಮತ್ತೆ ಮತ್ತೆ ಮೂಡಿದರೆ ಒರಟು ಕಣವೊಂದು ನಯ ಪೇಪರಿಗೆ ಬಂದು ಸೇರಿದೆ. ತೂತಿನ ಒಳಗೋಡೆಯಲ್ಲೋ ಬುಡದಂಚಿನಲ್ಲೋ ಅಡಗಿ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ, ಪೇಪರ್ ಎಸೆಯಿರಿ. ಒಂದೊಂದು ಪೇಪರಿಗೂ ಬೇರೆ ನೀರು ಇಡುವುದು ಇದಕ್ಕಾಗಿಯೇ. ಕಾಲಿನ ಸುತ್ತ ಬೆಳ್ಳಿಯಂತೆ ಮಿನುಗುವ ಪದರ ಕಂಡರೆ ಎಪಾಕ್ಸಿ ಲೋಹದಿಂದ ಬಿಟ್ಟುಕೊಂಡಿದೆ. ಅಂಥ ಎಲ್‌ಇಡಿ ಇವತ್ತು ಉರಿದರೂ ಅದನ್ನು ನಂಬಿ ಫೈಬರ್ ಅಂಟಿಸಬೇಡಿ.

5 ವೋಲ್ಟಿಗೆ 330 ಓಮ್ ರೆಸಿಸ್ಟರ್ ಹಾಕಿದರೆ ಕೆಂಪು ಎಲ್‌ಇಡಿಯಲ್ಲಿ ಸುಮಾರು 9 ಮಿಲಿಆಂಪಿಯರ್ ಹರಿಯುತ್ತದೆ, ಪರೀಕ್ಷೆಗೆ ಅದು ಸಾಕು. ಉರಿಯುತ್ತಿರುವಾಗ ಪೆನ್ಸಿಲಿನಿಂದ ಮೈಯನ್ನು ಮೆಲ್ಲಗೆ ತಟ್ಟಿ. ಮಿಣುಕಿದರೆ ತಂತಿಯ ಬೆಸುಗೆ ಸಡಿಲವಾಗಿದೆ. ತಣ್ಣಗಿದ್ದಾಗ ಉರಿದು ಬಿಸಿಯಾದ ಮೇಲೆ ಆರುವುದೂ ಅದೇ ರೋಗ. ಇನ್ಫ್ರಾರೆಡ್ ಆದರೆ ಮೊಬೈಲಿನ ಕ್ಯಾಮೆರಾದಲ್ಲಿ ನೋಡಬಹುದು, ಹಿಂದಿನ ಕ್ಯಾಮೆರಾಕ್ಕೆ ಕಾಣದಿದ್ದರೆ ಮುಂದಿನದರಲ್ಲಿ ಪ್ರಯತ್ನಿಸಿ. ತೇಯ್ದ ಎಲ್‌ಇಡಿಯನ್ನು ಗೋಡೆಗೆ ಹಿಡಿದಾಗ ಬೆಳಕು ಸತ್ತಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಚಿಪ್ 5 ಮಿ.ಮೀ. ಕೆಳಗಿದ್ದಾಗ ಗುಮ್ಮಟ ಕಿರಣಗಳ ಕೋನವನ್ನು ಅರ್ಧ ಮಾಡಿ ಹೊರಬಿಡುತ್ತದೆ, ಚಪ್ಪಟೆ ಮುಖ ಒಂದೂವರೆ ಪಟ್ಟು ಮಾಡುತ್ತದೆ. ಕೋನ ಮೂರು ಪಟ್ಟು ಹಿಗ್ಗಿದರೆ ನಟ್ಟನಡುವಿನ ತೀವ್ರತೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆಗೆ ನಷ್ಟವಾದದ್ದು ಫೈಬರಿಗೆ ನಷ್ಟವಲ್ಲ. ಸರಿಯಾದ ಅಳತೆ ಬೇಕೆಂದರೆ ಫೈಬರಿನ ಆಚೆ ತುದಿಗೆ ಬಿಪಿಡಬ್ಲ್ಯು34 ಫೋಟೋಡಯೋಡ್ (ಬೆಳಕು ಬಿದ್ದರೆ ವಿದ್ಯುತ್ ಹರಿಸುವ ಬಿಡಿಭಾಗ) ಇಟ್ಟು, ಮಲ್ಟಿಮೀಟರನ್ನು ಮೈಕ್ರೋಆಂಪಿಯರಿಗೆ ತಿರುಗಿಸಿ ನೇರವಾಗಿ ಜೋಡಿಸಿ. ಕಪ್ಪು ಟ್ಯೂಬಿನೊಳಗೆ ಎಲ್ಲವೂ ಅಲುಗಾಡದಂತಿದ್ದರೆ, ತೇಯುವ ಮೊದಲಿನ ಮತ್ತು ನಂತರದ ಅಂಕಿಗಳನ್ನು ಧೈರ್ಯವಾಗಿ ಹೋಲಿಸಬಹುದು.

ಫೈಬರಿನ ತುದಿಗೂ ಇದೇ ಮರ್ಯಾದೆ ಬೇಕು. ಹೊಸ ಬ್ಲೇಡಿನಲ್ಲಿ ನೆಟ್ಟಗೆ ಕತ್ತರಿಸಿ, ಹೊರಕವಚ ಸಮೇತ ಹಿಡಿಸುವ 2.2 ಮಿ.ಮೀ. ತೂತಿನ ಇನ್ನೊಂದು ಪಟ್ಟಿಯಲ್ಲಿ ಸಿಕ್ಕಿಸಿ 600ರ ಪೇಪರ್, ಆಮೇಲೆ 3 ಮೈಕ್ರಾನ್ ಫಿಲ್ಮ್. ಬರಿಯ 600ಕ್ಕೆ ನಿಲ್ಲಿಸುವುದಕ್ಕೂ ಫಿಲ್ಮ್ ಕೊಡುವುದಕ್ಕೂ ಸುಮಾರು ಅರ್ಧ ಡೆಸಿಬೆಲ್ ವ್ಯತ್ಯಾಸ, ಅಂದರೆ ನೂರಕ್ಕೆ ಹನ್ನೊಂದು ಪಾಲು ಬೆಳಕು. ಅಂಟಿಸಲು ಬಣ್ಣವಿಲ್ಲದ ಎರಡು ಟ್ಯೂಬಿನ ಎಪಾಕ್ಸಿ ಬಳಸಿ. ಅದು ನಡುವಿನ ಗಾಳಿಯನ್ನು ತೆಗೆದು, ಎರಡು ಮುಖಗಳಲ್ಲಿ ತಲಾ ನೂರಕ್ಕೆ ನಾಲ್ಕು ಪಾಲಿನಂತೆ ಆಗುತ್ತಿದ್ದ ಪ್ರತಿಫಲನದ ನಷ್ಟವನ್ನೂ ಉಳಿಸುತ್ತದೆ. ಫೆವಿಕ್ವಿಕ್ ಜಾತಿಯ ಅಂಟು ಇಲ್ಲಿ ಬೇಡ. ಅದರ ಆವಿ ಹೊಳಪಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಫೈಬರಿನ ಅಕ್ರಿಲಿಕ್ಕಿಗೂ ಒಳ್ಳೆಯದಲ್ಲ. ಅಸಿಟೋನ್, ಥಿನ್ನರ್ ಹತ್ತಿರಕ್ಕೂ ತರಬೇಡಿ. ಅಂಟು ಗಟ್ಟಿಯಾಗುವ ಮೊದಲು ಎಲ್‌ಇಡಿ ಉರಿಸಿ, ಆಚೆ ತುದಿಯ ಅಂಕಿ ನೋಡುತ್ತ ಫೈಬರನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ. ಚಿಪ್ ಎಲ್‌ಇಡಿಯ ನಟ್ಟನಡುವೆಯೇ ಇರುತ್ತದೆಂಬ ಖಾತರಿಯಿಲ್ಲ, ಈ ಸರಿಸಾಟದಲ್ಲಿ ಸಿಗುವ ಲಾಭ ಕೆಲವೊಮ್ಮೆ ಪಾಲಿಶ್‌ನಿಂದ ಸಿಗುವುದಕ್ಕಿಂತ ಹೆಚ್ಚು.

ಚಪ್ಪಟೆ ತಲೆಯ ಎಲ್‌ಇಡಿಗೆ ಇನ್ನೊಂದು ಉಪಯೋಗವೂ ಇದೆ. ಎಲ್‌ಇಡಿ ಬೆಳಕನ್ನು ಗ್ರಹಿಸಲೂ ಬಲ್ಲದು, ಅದೂ ತಾನು ಸೂಸುವುದಕ್ಕಿಂತ ಸ್ವಲ್ಪ ಕಡಿಮೆ ತರಂಗಾಂತರದ ಬೆಳಕನ್ನು. ಅಮೆರಿಕದ ಹವ್ಯಾಸಿ ವಿಜ್ಞಾನಿ ಫಾರೆಸ್ಟ್ ಮಿಮ್ಸ್ 1992ರಲ್ಲಿ ಅಪ್ಲೈಡ್ ಆಪ್ಟಿಕ್ಸ್ ಪತ್ರಿಕೆಯಲ್ಲಿ ಎಲ್‌ಇಡಿಗಳನ್ನೇ ಸಂವೇದಕವಾಗಿಸಿದ ಸೂರ್ಯ ಫೋಟೋಮೀಟರನ್ನು (ಬಿಸಿಲಿನ ತೀವ್ರತೆ ಅಳೆಯುವ ಸಾಧನ) ವಿವರಿಸಿದ್ದರು. ಇಡೀ ಆಕಾಶದ ಬೆಳಕು ಅಳೆಯುವಂಥ ಕೆಲಸಕ್ಕೆ ಗುಮ್ಮಟದ ಕಿರಿದಾದ ನೋಟ ಅಡ್ಡಿ, ಅದನ್ನು ತೇಯ್ದು ತೆಗೆಯಬೇಕು. ಅಲ್ಲಿ ಗಾಜಿನ ಹೊಳಪು ಬೇಡ. ಪಿ400ರ ಮಸುಕು ಮುಖವೇ ಎಲ್ಲ ದಿಕ್ಕಿನ ಬೆಳಕನ್ನು ಬೆರೆಸಿ ಒಳಗೆ ಬಿಡುವುದರಿಂದ ಅಷ್ಟಕ್ಕೇ ನಿಲ್ಲಿಸಿ.

ಗೀರು ಬಿದ್ದ ಫೋಟೋಡಯೋಡಿನ ಮುಖಕ್ಕೆ ಪಿ2000ದಿಂದಲೇ ಶುರು ಮಾಡಿ. ಅಲ್ಲಿ ಗುಮ್ಮಟವಿಲ್ಲ, ಚಿಪ್ಪಿನ ಮೇಲಿನ ಎಪಾಕ್ಸಿ ತೆಳು. ಹೈಪವರ್ ಎಲ್‌ಇಡಿಗಳ ಮೆತ್ತನೆಯ ತಲೆ ಸಿಲಿಕೋನಿನದ್ದು, ಅದು ತೇಯುವುದಿಲ್ಲ, ಹರಿದು ತಂತಿಯನ್ನೂ ಎಳೆದುಕೊಂಡು ಬರುತ್ತದೆ. ಇನ್ಫ್ರಾರೆಡ್ ಮತ್ತು ಹಲವು ಕೆಂಪು ಎಲ್‌ಇಡಿಗಳ ಚಿಪ್ಪಿನಲ್ಲಿ ಗ್ಯಾಲಿಯಂ ಆರ್ಸೆನೈಡ್ ಇರುತ್ತದೆ. ಅದರಲ್ಲಿ ಆರ್ಸೆನಿಕ್ ಇದೆ. ಆಕಸ್ಮಾತ್ ಚಿಪ್ಪಿನವರೆಗೂ ಹೋದರೆ ಅಲ್ಲಿಗೇ ನಿಲ್ಲಿಸಿ, ಪೇಪರನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಎಲ್‌ಇಡಿಯ ಜೊತೆ ಇ-ತ್ಯಾಜ್ಯಕ್ಕೆ ಹಾಕಿ, ಕೈ ತೊಳೆದುಕೊಳ್ಳಿ. ಎಲ್‌ಡಿಆರ್‌ನಲ್ಲಿ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ರೆಸಿಸ್ಟರ್) ಕ್ಯಾಡ್ಮಿಯಂ ಸಲ್ಫೈಡ್ ಇರುವುದರಿಂದ ಅದನ್ನು ತೇಯುವ ಯೋಚನೆಯನ್ನೇ ಮಾಡಬೇಡಿ. ಲೋಹದ ಡಬ್ಬಿಯ, ಗಾಜಿನ ಕಿಟಕಿಯ ಫೋಟೋಡಯೋಡುಗಳನ್ನೂ ಹಾಗೆಯೇ ಬಿಡಿ. ಆ ಗಾಜು ತೆಳು, ಒಳಗೆ ಟೊಳ್ಳು, ಒಂದು ಬಿರುಕು ಬಿಟ್ಟರೆ ತೇವ ನೇರವಾಗಿ ಚಿಪ್ಪಿಗೆ ಹೋಗುತ್ತದೆ. ಅಂಥವನ್ನು ಲೆನ್ಸ್ ಒರೆಸುವ ಬಟ್ಟೆಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಸಾಕು.